ಕುರ್ಚಿ ಮೇಲೆ ಕೂತವನು

ಗುಲಾಬಿ ಹಾರ ಫೋಟೊದ ಮೇಲೆ ಬಿದ್ದದ್ದೇ ತಡ, ವೇದಿಕೆಯಲ್ಲಿ ಕೂತಿದ್ದ ಕಸ್ತೂರೆಮ್ಮ "ಏ, ತಡೀರಿ! ಇವರು ನಮ್ಮಜ್ಜ ಅಲ್ರೀ" ಅಂದಳು. ನಿಜಾಮರ ಕಾಲದಲ್ಲಿ ಈ ಶಾಲೆಯ ಹೆಡ್‌ಮಾಸ್ತರಾಗಿದ್ದ, ಹಾಕಿ ಆಟದಲ್ಲಿ ಹೆಸರಾಗಿದ್ದ ಕರಿಬಸಯ್ಯನವರ ಮೊಮ್ಮಗಳೆಂದು ಶತಮಾನೋತ್ಸವಕ್ಕೆ ಆಕೆಯನ್ನು ಮಸ್ಕಿಯಿಂದ ಕರೆಸಿದ್ದರು.

ಕಮಿಟಿಯ ವೀರೇಂದ್ರ ಬೆವರಿದ. ಊರಿನ ಹಳೇ ಹಾಕಿ ತಂಡದ ಫೋಟೊದಲ್ಲಿ ನಡುವೆ ಕುರ್ಚಿ ಮೇಲೆ ಕೂತವನೇ ಹೆಡ್‌ಮಾಸ್ತರು ಇರಬೇಕೆಂದು ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿ ತಂದಿದ್ದ. "ಮತ್ತ ಇವರು ಯಾರ್ರೀ ಅಮ್ಮಾ?"

"ಗೋಲ್‌ಕೀಪರ್ ಆದಪ್ಪ. ಚಪ್ಪಲಿ ಹೊಲಿಯೋರ ಮಗ. ಹಟ್ಟಿ ಚಿನ್ನದ ಗಣಿ ತಂಡದವರ ಒಂದು ಗೋಲೂ ಒಳಗ ಬಿಡಲಿಲ್ಲ, ಆತನಿಂದನ ಕಪ್ ಬಂತು. ನಮ್ಮಜ್ಜ ಆತನ ಬಾಜೂಕ ನೆಲದ ಮ್ಯಾಲ ಕುಂತಾನ, ಹಳೇ ಫೋಟೊ ತಗದು ನೋಡ್ರಿ."

ಆಗ ಬೆವರಿದ್ದು ತಪ್ಪಾಯಿತೆಂದು. ಈಗ ಮುಖ ಕಿವುಚಿದ್ದು ಜಾತಿ ತಿಳಿಯಿತೆಂದು. ವೀರೇಂದ್ರ ಮುಂದಿನ ಸಾಲಿನ ಹಿರಿಯರ ಕಡೆ ಅಳುಕುತ್ತ ನೋಡಿ, "ಮೊದಲ ಆ ಹಾರ ತಗೀರಿ" ಎನ್ನುತ್ತ ತಾನೇ ಕೈ ಹಾಕಿದ.

ಎಪ್ಪತ್ತರ ಕಸ್ತೂರೆಮ್ಮ ದಡದಡ ಎದ್ದು ಬಂದವಳೇ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಹಾರ ಮುಟ್ಟಿದ್ರ ನೋಡು! ಊರಿಗೆ ಊರೇ ಬ್ಯಾಡ ಅಂದಾಗ ನಮ್ಮಜ್ಜ ರಟ್ಟೆ ಹಿಡಿದು ಆತನ್ನ ಆ ಕುರ್ಚಿ ಮ್ಯಾಲ ಕೂಡಿಸ್ಯಾನ. ಎಬ್ಬಸಾಕ ನೀ ಯಾವನಲೇ?"