ಶಿವಪುತ್ರಪ್ಪನ ಓಟು

ಮತಗಟ್ಟೆಯಲ್ಲಿ ಸತ್ತವರ ಸಾಲೇ ಉದ್ದವಿತ್ತು. ಅನಸೂಯಾ ಗಂಡನ ಫೋಟೋ ಅವಚಿಕೊಂಡು ನಿಂತಿದ್ದಳು. ಶಿವಪುತ್ರಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸತ್ತವರ ಪರವಾಗಿ ಮನೆಯವರು ಓಟು ಹಾಕುವ ಕಾನೂನಿನಂತೆ, ಪ್ರತಿ ಚುನಾವಣೆಯಲ್ಲೂ ಅವನ ಓಟನ್ನು ಅವನ ಪಕ್ಷದ ಬೀಸುಕಲ್ಲಿನ ಗುರುತಿಗೇ ಹಾಕುತ್ತ ಬಂದಿದ್ದಳು.

ಈ ಸಲ, ಜನರೇ ನೇರವಾಗಿ ಆರಿಸುವ ರಾಷ್ಟ್ರಪತಿ ಹುದ್ದೆಗೆ ನಿಂತಿದ್ದ ಎದುರು ಪಕ್ಷದ ಹೆಂಗಸು, ಗೆದ್ದರೆ ಸತ್ತವರ ಮತದಾನವನ್ನೇ ನಿಲ್ಲಿಸುವುದಾಗಿ ಹೇಳಿದ್ದಳು. “ಇನ್ನಾದರೂ ಅವರು ಮಲಗಲಿ” ಎಂಬ ಅವಳ ಮಾತು ಅನಸೂಯಾಳ ಮನಸ್ಸಿನಿಂದ ಹೋಗಿರಲಿಲ್ಲ.

“ವೈನಿ, ಅಣ್ಣ ಎಂದೂ ಪಕ್ಷ ಬಿಟ್ಟಾಂವಲ್ಲ, ನೆನಪಿರ್ಲಿ,” ಎಂದ ಪಕ್ಕದಲ್ಲಿದ್ದ ಮೈದುನ ಮಹಾಂತೇಶ.

“ಅವರಿದ್ದಾಗ ಒಂದಿನಾನೂ ನೀ ಹಿಂಗ ಮಾತಾಡ್ಸಾಕ ಬರ್ಲಿಲ್ಲಲ್ಲೋ!”

ಒಳಗೆ ತನ್ನ ಓಟನ್ನು ಆ ಹೆಂಗಸಿಗೆ ಥಟ್ಟನೆ ಹಾಕಿದಳು. ಗಂಡನ ಸರದಿ ಬಂದಾಗ ಬೆರಳು ಬೀಸುಕಲ್ಲಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು, ಆ ಹೆಂಗಸಿನ ಗುಂಡಿಯನ್ನೇ ಒತ್ತಿತು.

“ತಪ್ಪಾತ್ರೀ,” ಎಂದಳು ಗಂಡನ ಫೋಟೋಗೆ, ಮೆಲ್ಲಗೆ. ಅಧಿಕಾರಿ ಎಂದಿನಂತೆ ಫೋಟೋದ ಗಾಜಿನ ಮೇಲೆ, ಸರಿಯಾಗಿ ಅವನ ಬೆರಳಿರುವಲ್ಲಿ, ಶಾಯಿ ಹಚ್ಚಿದ.

ಹೊರಗೆ ಮಹಾಂತೇಶ ಅಣ್ಣನಿಗೆ ಕೈಮುಗಿದ. “ಮುಂದಿನ ಸಲ ಅಣ್ಣನ್ನ ನಾನ ಕರ್ಕೊಂಡ ಬರ್ತೀನಿ, ವೈನಿ. ನಿಮಗ ಕಾಲುನೋವು.”

“ಹೂಂ,” ಎನ್ನುತ್ತ ಅನಸೂಯಾ, ಹನ್ನೊಂದು ವರ್ಷದ ಹಿಂದೆ ಮಾಡಿದಂತೆಯೇ ಗಂಡನ ಮುಖಕ್ಕೆ ಸೆರಗು ಮುಚ್ಚಿದಳು.