ರಿಜಿಸ್ಟರಿನ ಮೇಲೆ ಕಸಬರಿಗೆ

"ಜಾತಿ ಹೇಳು," ಎಂದ ಜೈಲಿನ ಗುಮಾಸ್ತ ಮನ್ಮಥಪ್ಪ. ೧೯೫೬ರ ನವೆಂಬರ್; ಉರ್ದು ಆಡಳಿತದಲ್ಲಿದ್ದ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹದಿನೈದು ದಿನವಾಗಿತ್ತು; ಕೈದಿಗಳ ಉರ್ದು ರಿಜಿಸ್ಟರನ್ನು ಅವನು ಕನ್ನಡಕ್ಕೆ ಇಳಿಸುತ್ತಿದ್ದ. ಜಾತಿಯ ಕಾಲಂ ತುಂಬಿದರೆ ಪಕ್ಕದ ಕೆಲಸದ ಕಾಲಂ ತಾನೇ ತುಂಬುತ್ತಿತ್ತು. ಕೆಲವರಿಗೆ ಅಡುಗೆ, ಕೆಲವರಿಗೆ ಪಾಯಖಾನೆ.

"ಬೌದ್ಧ," ಎಂದಳು ಮೆಹಕರದ ಕೈದಿ ಕಾಂತಾಬಾಯಿ. ಎರಡು ವರ್ಷ ಪಾಯಖಾನೆ ಬಳಿದ ಕಸಬರಿಗೆ ಅವಳ ಕೈಯಲ್ಲಿತ್ತು.

"ಜೈಲಿನ್ಯಾಗ ಕುಂತು ಹ್ಯಾಂಗ ಬೌದ್ಧ ಆದಿ?"

"ನಮ್ಮಣ್ಣ ಹೋದ ತಿಂಗಳು ನಾಗಪುರಕ್ಕ ಹೋಗಿ ಸಾವಿರಾರು ಮಂದಿ ಜೋಡಿ ದೀಕ್ಷಾ ತಗೊಂಡಾನ್ರಿ. ಮುಲಾಖತ್ತಿಗೆ ಬಂದು ನನಗೂ ಆ ಪ್ರತಿಜ್ಞಾ ಹೇಳಿಕೊಟ್ಟಾನ. ಮಾತಿಗೆ ನಡುವಿನ ತಂತಿ ಜಾಲರಿ ಅಡ್ಡ ಬರಂಗಿಲ್ರಿ."

ಮನ್ಮಥಪ್ಪ ನಕ್ಕ. "ಬೌದ್ಧರಿಗೆ ಯಾವ ಕೆಲಸ ಅಂತ ಬೆಂಗಳೂರಿಂದ ಹುಕುಂ ಬಂದಿಲ್ಲ. ಅಲ್ಲೀತನಕ ಹಳೇದೇ ಮಾಡು."

"ಅಲ್ಲೀತನಕ ಇದನ್ನ ನೀವ ಇಟ್ಕೋರಿ."

ಅವಳು ಕಸಬರಿಗೆಯನ್ನು ತೆರೆದ ರಿಜಿಸ್ಟರಿನ ಮೇಲೆ ಅಡ್ಡ ಇಟ್ಟಳು. ಮನ್ಮಥಪ್ಪ ಸರ್ರನೆ ಕುರ್ಚಿ ಹಿಂದಕ್ಕೆಳೆದುಕೊಂಡ. "ತಗಿ! ಮೊದಲ ಅದನ್ನ ತಗಿ!"

ಅದನ್ನು ಮುಟ್ಟಿ ಸರಿಸುವವರು ಆ ಕೋಣೆಯಲ್ಲಿ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾಂತಾಬಾಯಿ ಕಸಬರಿಗೆ ಮುಟ್ಟದೆ ಕೈಕಟ್ಟಿ ನಿಂತಳು.