ರಸ್ತೆ ಕಡೆಗೆ ವಾಲಿದ ಕಲ್ಲು

ಅಗೆಯುವ ಯಂತ್ರದ ಬಕೆಟ್ಟಿನ ಹಲ್ಲು ಚಕಮಕಿ ಕಲ್ಲಿಗೆ ತಾಗಿ ಕಿಡಿ ಹಾರಿದ್ದೇ ತಡ, ಕದಿರೇಶ್ ಯಂತ್ರ ನಿಲ್ಲಿಸಿ ಕೆಳಗಿಳಿದ. ತಾಯಲೂರು ರಸ್ತೆಯನ್ನು ಅಗಲ ಮಾಡಲು ಹನ್ನೊಂದು ದಿನದಿಂದ ಅವನು ಆ ಗುಡ್ಡದ ಮಗ್ಗುಲು ಕಡಿಯುತ್ತಿದ್ದ. ಮೇಲೆ ಎರಡಾಳೆತ್ತರದ ಬೂದು ಸುಣ್ಣಕಲ್ಲು, ಅದರಡಿ ಚಕಮಕಿ ಕಲ್ಲಿನ ಕಪ್ಪು ಹಾಸು. ಎರಡೂ ರಸ್ತೆಯ ಕಡೆಗೇ ವಾಲಿದ್ದವು. ನಡುವೆ ಬೆರಳಗಲದ ಜೇಡಿಮಣ್ಣು. ನಿನ್ನೆ ಒಣಗಿದ್ದ ಆ ಮಣ್ಣಿನಲ್ಲಿ ಇವತ್ತು ನೀರು ಒಸರುತ್ತಿತ್ತು. ಮುಟ್ಟಿದರೆ ಸೋಪಿನ ಹಾಗೆ ಜಾರಿತು.

“ಇನ್ನೊಂದು ಮೀಟರ್ ಬುಡ ಕಡಿದ್ರೆ ಮುಗೀತು. ಯಾಕೆ ನಿಲ್ಲಿಸ್ದೆ?” ಇಂಜಿನಿಯರ್ ವೇಣುಗೋಪಾಲ್ ಕೇಳಿದ.

“ಮೇಲಿನ ಸುಣ್ಣಕಲ್ಲಿಗೆ ಈ ಬುಡಾನೇ ಆಸರೆ ಸಾರ್. ಇದನ್ನ ಕಡಿದ್ರೆ ಅಷ್ಟೂ ಜಾರ್ಕೊಂಡು ಬತ್ತದೆ. ಮೇಲಿಂದ ತೆಗೀತಾ ಬರ್ಬೇಕು.”

“ಅದಕ್ಕೆ ಒಂದು ವಾರ ಬೇಕು. ನಾಳೆ ಸಂಜೆ ಅಳತೆಗೆ ಸಾಹೇಬ್ರು ಬರ್ತಾರೆ.”

“ಹಂಗಾದ್ರೆ ಬೇರೆಯವರ ಕೈಲಿ ಮಾಡಿಸ್ಕೊಳ್ಳಿ.”

ಕೀಲಿಯನ್ನು ಇಂಜಿನಿಯರ್ ಕೈಗಿಟ್ಟು ಕದಿರೇಶ್ ಮುಳಬಾಗಿಲಿನ ಬಸ್ಸು ಹತ್ತಿದ. ಮನೆಯಲ್ಲಿ ಹೆಂಡತಿ ಗಂಗಾಲಕ್ಷ್ಮಿಗೆ ನಡೆದದ್ದನ್ನು ಎರಡು ಸಲ ಹೇಳಿದ. ಕೆಲಸ ಹೋದರೂ ಅವನ ಮನಸ್ಸು ಹಗುರವಾಗಿತ್ತು. ಊಟ ಸೇರಿತು, ನಿದ್ದೆಯೂ ಬಂತು.

ಯಂತ್ರದಲ್ಲೇ ಮರೆತಿದ್ದ ಊಟದ ಡಬ್ಬಿ ತರಲೆಂದು ಬೆಳಿಗ್ಗೆ ಹೊರಟವನಿಗೆ ರಸ್ತೆಯ ತಿರುವಿನಲ್ಲೇ ದೂಳು ಕಾಣಿಸಿತು. ಸುಣ್ಣಕಲ್ಲು ಇಡಿಯಾಗಿ ಜಾರಿ ಬಂದು ಯಂತ್ರದ ಮೇಲೆ ಕೂತಿತ್ತು. ಡ್ರೈವರ್ ಕೂರುವ ಜಾಗ ನಜ್ಜುಗುಜ್ಜಾಗಿತ್ತು. ವೇಣುಗೋಪಾಲ್ ಅತ್ತ ಬೆನ್ನು ತಿರುಗಿಸಿ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ.

ರಸ್ತೆಯಂಚಿನಲ್ಲಿ ಸುಬ್ರಮಣಿ ಕೂತಿದ್ದ. ಶ್ರೀನಿವಾಸಪುರದಲ್ಲಿ ಅವನಿಗೆ ಈ ಯಂತ್ರ ಓಡಿಸುವುದನ್ನು ಕಲಿಸಿದ್ದವನೇ ಕದಿರೇಶ್. ರಾತ್ರಿ ಇಂಜಿನಿಯರ್ ಫೋನ್ ಮಾಡಿ ಕರೆದಿದ್ದರಿಂದ ಸುಬ್ರಮಣಿ ಬೆಳಕು ಹರಿಯುವ ಮೊದಲೇ ಬಂದು ಕೆಲಸಕ್ಕೆ ಇಳಿದಿದ್ದ. ನೀರು ಕುಡಿಯಲು ಕೆಳಗಿಳಿದಿದ್ದರಿಂದ ಉಳಿದ. ಮಂಡಿ ತರಚಿತ್ತು, ಮೈತುಂಬ ಬಿಳಿ ಪುಡಿ.

ಕದಿರೇಶ್ ಅವನ ಪಕ್ಕದಲ್ಲಿ ಕುಕ್ಕರಿಸಿದ.

“ನಾನು ನಿನ್ನೆನೇ ಹೇಳ್ದೆ ಕಣೋ, ಬುಡ ಮುಟ್ಟಬಾರದು ಅಂತ.”

ಸುಬ್ರಮಣಿ ಅವನ ಮುಖವನ್ನೇ ನೋಡಿದ.

“ಯಾರಿಗೆ ಹೇಳ್ದೆ ಅಣ್ಣಾ?”